ವಾಮನಣ್ಣ ಬಿದ್ದ ಬೆಳಿಗ್ಗೆ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವ ಬದಿಗಿರುವ ನಮ್ಮ ಹೋಟೆಲಿನಲ್ಲಿ, ಬಾಗಿಲಿನ ಎಡಕ್ಕೆ, ಗಲ್ಲಾಪೆಟ್ಟಿಗೆಯ ಹಿಂದೆ. ನಿಂತಿದ್ದೆ ಎನ್ನುವುದು ಪೂರ್ತಿ ಸರಿಯಲ್ಲ, ಸ್ಟೂಲಿನ ಮೇಲೆ ಕುಳಿತಿದ್ದೆ. ದಿನ ಸೋಮವಾರ. ಆಫೀಸಿನವರ ಇಡ್ಲಿ ಮುಗಿದು ಅಂಗಡಿಯವರ ಕಾಫಿ ಶುರುವಾಗುವ ಹೊತ್ತು. ನನಗೂ ಕಾಫಿ ಕೌಂಟರಿಗೂ ನಡುವೆ ಮೇಜುಗಳಿದ್ದವು, ಕಂಬ ಇರಲಿಲ್ಲ. ಕನ್ನಡಕ ಮೂಗಿನ ಮೇಲೇ ಇತ್ತು. ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಆ ಬೆಳಿಗ್ಗೆ ನನ್ನ ಕಣ್ಣು ಕಂಡದ್ದನ್ನು ನಾನೇ ನಂಬಲಿಲ್ಲ.

ನಮ್ಮ ಕಸುಬಿನಲ್ಲಿ ನಿವೃತ್ತಿ ಎಂಬುದು ಇರಲಿಲ್ಲ. ಮೊಣಕಾಲು ಬೇಡವೆಂದರೆ ಒಲೆಯಿಂದ ತರಕಾರಿಗೆ, ಕಣ್ಣು ಬೇಡವೆಂದರೆ ತರಕಾರಿಯಿಂದ ಬಾಳೆ ಎಲೆ ಒರೆಸುವುದಕ್ಕೆ, ಹೀಗೆ ಮನುಷ್ಯ ಹೋಟೆಲಿನ ಒಳಗೇ ಜಾರುತ್ತಾ ಮುದುಕನಾಗುತ್ತಿದ್ದ. ಹಳೆಯ ಧಣಿಗಳು ಬೆಳಿಗ್ಗೆ ಒಮ್ಮೆ ಎಲ್ಲರ ಮುಖ ನೋಡುತ್ತಿದ್ದರು. "ಎಂತದು, ಮೋರೆ ಬಾಡಿದೆ? ಗಂಜಿ ಉಂಡು ಮಲಗು" ಎಂದರೆ ನೌಕರರ ಆರೋಗ್ಯ ಯೋಜನೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಹೋಟೆಲನ್ನು ನೋಡಿಕೊಳ್ಳುವವಳು ಅವರ ಮೊಮ್ಮಗಳು ಅಕ್ಷತಾ. ಒಳ್ಳೆಯ ಹುಡುಗಿ. ಮುಖದ ಬದಲು ಫೋನು ನೋಡುತ್ತಾಳೆ, ಅಷ್ಟೇ. ಇನ್ನು ಮುಂದೆ ಮುದುಕರು ಹೇಗೆ ಕೆಲಸ ಮಾಡಬೇಕು ಎಂಬುದರ ಬಗ್ಗೆ ಅವಳು ಬಹಳ ಓದಿಕೊಂಡಿದ್ದಾಳೆ. ಹೋಟೆಲಿನಲ್ಲಿ ಮುದುಕರು ಎಂದರೆ ಇಬ್ಬರು, ಕಾಫಿಯ ವಾಮನಣ್ಣ ಮತ್ತು ನಾನು.

ಭಾನುವಾರ ಸಂಜೆ ಅವಳು ಎರಡು ಕೈಗಡಿಯಾರ ತಂದಳು. ಎದೆ ಬಡಿತ, ನಿದ್ದೆ, ನಡಿಗೆ ಎಲ್ಲವನ್ನೂ ಅವು ಬರೆದುಕೊಳ್ಳುತ್ತವಂತೆ. ನಾವು ಬಿದ್ದರೆ ಬೇಕಾದವರಿಗೆ ತಾವೇ ಸುದ್ದಿ ಕಳಿಸುತ್ತವಂತೆ. "ಅಂಕಲ್, ಇದು ನಿಮ್ಮ ಹೆಲ್ತ್ ಕೇ ಲಿಯೇ. ಗ್ರೀನ್ ಇದ್ರೆ ಕಾಮ್ ಚಾಲೂ. ರೆಡ್ ಬಂದ್ರೆ ರೆಸ್ಟ್, ಫುಲ್ ರೆಸ್ಟ್. ಊರಲ್ಲಿ" ಎಂದಳು. ಊರು ಎಂಬ ಮಾತನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ ನಾವಿಬ್ಬರೂ ಹಿಂದಿನ ಕೋಣೆಯ ಕಡೆ ನೋಡಿದೆವು. ಏಕೆಂದರೆ ಅಲ್ಲಿಗೆ ಕಾಫಿ ಮಾಡುವ ಯಂತ್ರದ ಪೆಟ್ಟಿಗೆ ಆಗಲೇ ಬಂದು ಕುಳಿತಿತ್ತು. ವಾಮನಣ್ಣ ಹೋದರೆ ಮುಂದಿನ ಸರದಿ ನನ್ನದು. ಬಿಲ್ಲಿನ ದುಡ್ಡು ಈಗ ಗಿರಾಕಿಯ ಫೋನಿನಿಂದ ನೇರವಾಗಿ ಎಲ್ಲಿಗೋ ಹೋಗುತ್ತದೆ, ಹೋಯಿತೆಂದು ನನ್ನ ಪಕ್ಕದ ಡಬ್ಬಿ ಕೂಗಿ ಹೇಳುತ್ತದೆ. ನಾನು ತಲೆಯಾಡಿಸುತ್ತೇನೆ. ಡಬ್ಬಿಗೆ ತಲೆ ಇಲ್ಲದ್ದರಿಂದ ನನ್ನ ಕೆಲಸ ಉಳಿದಿದೆ.

ವಾಮನಣ್ಣನ ಎಡಗೈಯಲ್ಲಿ ಮದುವೆಗೆ ಮಾವನ ಮನೆಯವರು ಹಾಕಿದ ಕೀಲಿ ಗಡಿಯಾರವಿದೆ. ಅದನ್ನು ಅವರು ಸ್ನಾನಕ್ಕಲ್ಲದೆ ಬಿಚ್ಚುವುದಿಲ್ಲ. ಹಾಗಾಗಿ ಹೊಸದು ಬಲಗೈಗೆ ಬಂತು. ಅಕ್ಷತಾಳಿಗೆ ಇದರಲ್ಲಿ ತಪ್ಪು ಕಾಣಲಿಲ್ಲ, ನನಗೂ ಕಾಣಲಿಲ್ಲ. ಆದರೆ ವಾಮನಣ್ಣ ಕಾಫಿ ಎಳೆಯುವ ಕ್ರಮ ಒಂದಿದೆ. ಬಲಗೈ ತಲೆಯ ಮೇಲಕ್ಕೆ ಹೋಗುತ್ತದೆ, ಅಲ್ಲಿಂದ ಕಾಫಿ ನೊರೆಯಾಗಿ ಕೆಳಗಿಳಿಯುತ್ತದೆ. ಕೊನೆಯ ಸಲ ಎಳೆದ ಮೇಲೆ ಬಲಗೈ ಸರ್ರನೆ ಇಳಿದು ತುಂಬಿದ ಲೋಟವನ್ನು ಹಿಡಿದು ಕೌಂಟರಿನ ಕಲ್ಲಿನ ಮೇಲೆ ಟಕ್ಕೆಂದು ಕುಟ್ಟುತ್ತದೆ. ಆಮೇಲೆ ಆ ಕೈ ಅಲುಗುವುದಿಲ್ಲ, ಗಿರಾಕಿ ಲೋಟ ಹಿಡಿಯುವವರೆಗೆ ಅವರು ಬಿಡುವುದಿಲ್ಲ. ಕಾಫಿ ಕೈಯಿಂದ ಕೈಗೆ ಹೋಗಬೇಕು, ಕಲ್ಲಿನಿಂದ ಕೈಗೆ ಹೋಗಬಾರದು ಎಂಬುದು ಅವರ ಗುರುಗಳು ಹೇಳಿಕೊಟ್ಟ ಪಾಠ. ಗಡಿಯಾರಕ್ಕೆ ಈ ಪಾಠ ಆಗಿರಲಿಲ್ಲ. ಎತ್ತರದಿಂದ ಇಳಿಯಿತು, ಕಲ್ಲಿಗೆ ಬಡಿಯಿತು, ಅಲುಗಾಟವಿಲ್ಲ. ಅದರ ಲೆಕ್ಕದಲ್ಲಿ ಮನುಷ್ಯ ಬಿದ್ದಿದ್ದಾನೆ.

ಬೆಳಗಿನಿಂದಲೂ ಅದು ಪ್ರತಿ ಕಾಫಿಗೂ ಗುಂಯ್‌ಗುಡುತ್ತಾ "ಬಿದ್ದಿರಾ?" ಎಂದು ಕೇಳುತ್ತಿತ್ತಂತೆ. ಕೈ ಒದ್ದೆಯಾಗಿದ್ದರಿಂದ ವಾಮನಣ್ಣ ಅದನ್ನು ಮೂಗಿನಿಂದ ಒತ್ತಿ ಸುಮ್ಮನಿರಿಸುತ್ತಿದ್ದರು. ಅಂಗಡಿಯವರು ಗುಂಪಾಗಿ ಬಂದಾಗ ಮೂಗಿಗೆ ಬಿಡುವಾಗಲಿಲ್ಲ. ಸುದ್ದಿ ಹೊರಟಿತು.

ನನ್ನ ಫೋನು ಕಿರುಚಿತು. ನೋಡಿದೆ. ವಾಮನಣ್ಣ ಬಿದ್ದಿದ್ದಾರೆ, ತಕ್ಷಣ ನೆರವು ಬೇಕು ಎಂದಿತ್ತು. ತಲೆ ಎತ್ತಿದೆ. ವಾಮನಣ್ಣ ಎದುರಿಗೇ ಒಬ್ಬ ಗುಜರಾತಿಗೆ ಸಕ್ಕರೆ ಕಡಿಮೆ ಕಾಫಿ ಕೊಡುತ್ತಾ ನಿಂತಿದ್ದರು. ಮತ್ತೆ ಫೋನು ನೋಡಿದೆ. ಬಿದ್ದಿದ್ದರು. ಅಷ್ಟರಲ್ಲಿ ಗೋರೆಗಾಂವ್‌ನಿಂದ ಅವರ ಮಗಳು ಸುಜಾತಾಳ ಕರೆ ಬಂತು.

"ಮಾಮ, ಅಪ್ಪ ಬಿದ್ದಿದ್ದಾರಂತಲ್ಲ?"

"ಹೌದಮ್ಮ, ನನಗೂ ಬಂದಿದೆ" ಎಂದೆ.

"ಎಚ್ಚರ ಉಂಟಾ?"

ನಾನು ಇನ್ನೊಮ್ಮೆ ನೋಡಿದೆ. "ಉಂಟು. ಕಾಫಿ ಮಾಡ್ತಾ ಇದ್ದಾರೆ."

"ಅಯ್ಯೋ, ತಲೆಗೆ ಪೆಟ್ಟಾಗಿದೆ ಅವರಿಗೆ" ಎಂದು ಅಳುತ್ತಾ ಅವಳು ಲೋಕಲ್ ರೈಲು ಹಿಡಿಯಲು ಓಡಿದಳು.

ಅವಳ ಮಾತು ನನಗೆ ಸರಿಯೆನಿಸಿತು. ಬಿದ್ದವನು ನಿಂತುಕೊಂಡು ಕಾಫಿ ಮಾಡುತ್ತಾನೆಂದರೆ ಪೆಟ್ಟು ಜೋರೇ ಇರಬೇಕು. "ವಾಮನಣ್ಣ, ಅಲುಗಬೇಡಿ" ಎಂದು ಕೂಗಿ ಎದ್ದೆ. ಬೆಳಗಿನಿಂದ ಕುಳಿತ ಕಾಲು ನನ್ನ ಜೊತೆ ಏಳಲಿಲ್ಲ. ಸ್ಟೂಲು ಒಂದು ಕಡೆ, ಸೋಂಪಿನ ಬಟ್ಟಲು ಒಂದು ಕಡೆ, ನಾನು ನೆಲದ ಮೇಲೆ. ಎಡಗೈ ಮಾತ್ರ ಗಲ್ಲಾದ ಅಂಚು ಹಿಡಿದು ಮೇಲೆಯೇ ನೇತಾಡುತ್ತಿತ್ತು, ಗಡಿಯಾರ ಇದ್ದದ್ದು ಆ ಕೈಯಲ್ಲಿ.

ವಾಮನಣ್ಣ ಗಿರಾಕಿಯ ಕೈಗೆ ಲೋಟ ಮುಟ್ಟಿಸಿಯೇ ಬಂದರು. "ಎಂತ ಮಾರಾಯ ಸದಾಶಿವ, ನನ್ನನ್ನು ಎತ್ತಲಿಕ್ಕೆ ಬಂದದ್ದಾ ನೀನು?" ಎನ್ನುತ್ತಾ ಕಂಕುಳಿಗೆ ಕೈ ಹಾಕಿ ಎತ್ತಿ ಬೆಂಚಿನ ಮೇಲೆ ಮಲಗಿಸಿದರು. ಮಾಳಿಗೆಯ ಆಫೀಸಿನಿಂದ ಅಕ್ಷತಾ ಓಡಿ ಇಳಿದಳು. ಅವಳ ಫೋನಿನಲ್ಲಿ ವಾಮನಣ್ಣ ಕೆಂಪಗೆ ಉರಿಯುತ್ತಿದ್ದರು. ನಾನು ಹಸಿರಾಗಿದ್ದೆ. ಅದೇ ಗಳಿಗೆಗೆ ನನ್ನ ಗಡಿಯಾರ ಗುಂಯ್ ಎಂದು ಮುಖದ ಮೇಲೆ ಒಂದು ಹೂವು ಅರಳಿಸಿತು. ಅವಳು ಬಗ್ಗಿ ಓದಿದಳು. "ಶಾಬಾಸ್ ಅಂತ ಇದೆ ಅಂಕಲ್. ಇವತ್ತು ಪೆಹಲೀ ಬಾರ್, ಫಸ್ಟ್ ಟೈಮ್ ಎದ್ರಂತೆ ನೀವು."

ಸುಜಾತಾ ಬಂದು ಮುಟ್ಟಿದಾಗ ಅವಳ ಅಪ್ಪ ನಿಂತಿದ್ದರು, ನಾನು ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದೆ. "ಅಪ್ಪ, ನೀವು ಬಿದ್ದದ್ದಲ್ವಾ?" ಎಂದಳು.

"ಬಿದ್ದದ್ದು ಕಾಫಿ ಮಾರಾಯ್ತಿ, ಲೋಟಕ್ಕೆ. ಕುಡಿ" ಎಂದು ಅವರು ಮೇಲಿಂದ ಎಳೆದು ಟಕ್ಕೆಂದು ಕುಟ್ಟಿ ಲೋಟ ಬಿಡದೆ ನಿಂತರು. ಮೂರು ಫೋನುಗಳು ಒಟ್ಟಿಗೆ ಕಿರುಚಿದವು.

ಅಕ್ಷತಾ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. ಅವಳಜ್ಜ ಮುಖ ನೋಡುತ್ತಿದ್ದದ್ದು ಹಾಗೆಯೇ. ಆಮೇಲೆ ತಾನೇ ಆ ಗಡಿಯಾರ ಬಿಚ್ಚಿದಳು. ಯಂತ್ರದ ಪೆಟ್ಟಿಗೆ ಆ ವಾರವೇ ಬಂದ ದಾರಿಯಲ್ಲಿ ವಾಪಸಾಯಿತು. ವಾಮನಣ್ಣ ದಣಿದಾಗ ಕೂರಲೆಂದು ನನ್ನ ಸ್ಟೂಲು ಕಾಫಿ ಕೌಂಟರಿಗೆ ಹೋಯಿತು. ಅವರು ಅದರ ಮೇಲೆ ಹಾಲಿನ ಪಾತ್ರೆ ಇಟ್ಟಿದ್ದಾರೆ. ನಾನು ಈಗ ನಿಂತೇ ತಲೆಯಾಡಿಸುತ್ತೇನೆ, ಗಡಿಯಾರ ಆಗಾಗ ಹೂವು ಕೊಡುತ್ತದೆ.

ವಾಮನಣ್ಣ ಬಿದ್ದರು, ನಾನು ಓಡಿ ಹೋಗಿ ಎತ್ತಿದೆ ಎಂದು ಹೊಸ ಗಿರಾಕಿಗಳಿಗೆ ಹೇಳಲು ನನ್ನ ಬಳಿ ಸಾಕ್ಷಿಯೂ ಇದೆ. ಆ ಸುದ್ದಿಯನ್ನು ಫೋನಿನಿಂದ ಅಳಿಸಿಲ್ಲ. ಆದರೆ ಅಂದು ನಡೆದದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ನನ್ನನ್ನು ಎತ್ತಿದ ವಾಮನಣ್ಣ, ಹೂವು ಓದಿದ ಅಕ್ಷತಾ, ಒದ್ದೆ ಬಟ್ಟೆ ಕಂಡ ಸುಜಾತಾ. ಮೂವರೂ ಬದುಕಿದ್ದಾರೆ, ಮೂವರ ಆರೋಗ್ಯವೂ ಬಹಳ ಚೆನ್ನಾಗಿದೆ. ನನ್ನ ತೊಂದರೆ ಅದೇ.