ಮೇಸ್ತ್ರಿ ಮನೆಯ ದೀರ್ಘಾಯುಷಿ ಇಲಿಗಳು

ನಾನು ಯಾರ ಮನೆ ಸುದ್ದಿಗೂ ಹೋಗುವವಳಲ್ಲ; ಸುದ್ದಿಯೇ ಬೇಲಿ ಹಾರಿ ಬರುತ್ತದೆ. ಪಕ್ಕದ ಮನೆಯಲ್ಲಿ ಇಲಿ ಸಾಕಿದ ಮೇಲಂತೂ ಕೇಳಬೇಕೇ?

೧

ಪಕ್ಕದ ಮನೆಯವರು ಎಸ್ಟೇಟಿನ ನರ್ಸರಿಯಲ್ಲಿ ಮೇಸ್ತ್ರಿಯಾಗಿದ್ದವರು. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಅಟೆಂಡರ್ ಆಗಿದ್ದ ಭಾವಮೈದ ಒಂದು ಜೊತೆ ಬಿಳಿ ಇಲಿ ತಂದುಕೊಟ್ಟ. ಮರಿ ಹಾಕಿದ್ದೇ ತಡ, ಒಂದಕ್ಕೆ ಗಡ್ಡೆ, ಇನ್ನೊಂದಕ್ಕೆ ದಮ್ಮು, ಎರಡೂ ಹೋದವು. ಕಾಯಿಲೆ ಬಾರದೆ ಬಹಳ ದಿನ ಬಾಳುವ ತಳಿ ಮಾಡಿಯೇ ಸೈ ಅಂತ ಮೇಸ್ತ್ರಿ ಹಟ ಹಿಡಿದರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಅನ್ನುವ ಚಿಂತೆ ಇಲ್ಲ.

ಸೂರತ್ತಿನಲ್ಲಿ ಪ್ಲೇಗು ಅಂತ ರೇಡಿಯೋ ಬಡಿದುಕೊಳ್ಳುತ್ತಿದ್ದ ವರ್ಷ ಅದು. ನನಗೆ ಕಂಕುಳಲ್ಲಿ ಗಂಟು ಬಂತಾ ಅಂತ ಮುಟ್ಟಿ ನೋಡಿಕೊಳ್ಳುವುದೇ ಕೆಲಸ. ಮೇಸ್ತ್ರಿ ಹೆಂಡತಿ ಬೇಲಿ ಹತ್ತಿರ ಬಂದು ಅತ್ತಳು: "ಅಟ್ಟದ ಇಲಿಗೆ ಪಾಷಾಣ, ಗೂಡಿನ ಇಲಿಗೆ ಹಾಲನ್ನ. ಯಾವ ಬಟ್ಟಲಲ್ಲಿ ಯಾವುದು ಕಲಸಿದೆ ಅಂತಲೇ ಮರ್ತೋಗತ್ತೆ ಅಕ್ಕಾ."

ಅವತ್ತಿನಿಂದ ಅವರ ಮನೆಯಲ್ಲಿ ಕಾಫಿ ಕುಡಿಯುವುದು ಬಿಟ್ಟೆ.

೨

ಗುಂಡಗೆ ಬೆಳೆದ ಗಂಡು ಇಲಿಯೊಂದಿತ್ತು. ಮೇಸ್ತ್ರಿ ಅದಕ್ಕೆ ಹೆಣ್ಣು ಜೊತೆ ಮಾಡಲೇ ಇಲ್ಲ. ಅದರ ಅಜ್ಜಿ ಸೀನುತ್ತಿತ್ತಂತೆ! ಬೋರರ್ ಹುಳ ಬಿದ್ದ ಕಾಫಿ ಗಿಡದ ಬೀಜವನ್ನು ಯಾರಾದರೂ ನರ್ಸರಿಗೆ ಹಾಕುತ್ತಾರಾ ಅಂತ ನನ್ನನ್ನೇ ಕೇಳಿದರು. ಇಲಿಗೆ ವಯಸ್ಸಾಗಬೇಕಂತೆ, ಒಡಹುಟ್ಟಿದವಕ್ಕೆ ಏನು ಬರುತ್ತದೆ ಅಂತ ನೋಡಬೇಕಂತೆ, ಆಮೇಲೆ ಜೋಡಿಯಂತೆ.

ಹೆಂಡತಿ ಕೇಳಿದಳು: "ನನ್ನಜ್ಜಿಗೂ ದಮ್ಮಿತ್ತು. ನನ್ನ ನೋಡಕ್ಕೆ ಬಂದಾಗ ನೀವು ಕೇಳ್ಲೇ ಇಲ್ವಲ್ಲ?"

"ಆಗ ನಂಗೆ ಇಷ್ಟು ತಿಳುವಳಿಕೆ ಇರ್ಲಿಲ್ಲ" ಅಂದರು ಮೇಸ್ತ್ರಿ.

ಆ ರಾತ್ರಿ ಇಲಿಗಳಿಗೆ ಮಾತ್ರ ಊಟ ಸಿಕ್ಕಿತು.

೩

ಮಗಳಿಗೆ ಬಂದ ಎರಡು ಸಂಬಂಧ "ಇಲಿ ಮನೆ" ಅಂತ ತಿಳಿದು ಹಿಂದೆ ಹೋದವು. ಮೂರನೆಯದು ವಸ್ತಾರೆ ಕಡೆಯ ಹುಡುಗ; ಹುಡುಗಿಗೂ ಮನಸ್ಸಿತ್ತು. ಇದೂ ತಪ್ಪಿದರೆ ಬಾವಿ ನೋಡಿಕೊಳ್ಳುತ್ತೇನೆ ಅಂತ ತಾಯಿ ಹೆದರಿಸಿ, ಗೂಡುಗಳನ್ನೆಲ್ಲ ನಮ್ಮ ಸೌದೆ ಕೊಟ್ಟಿಗೆಗೆ ಸಾಗಿಸಿದಳು. ಇಲಿ ಅನ್ನುವ ಮಾತು ಬಾಯಿಗೆ ಬರಕೂಡದು ಅಂತ ಗಂಡನಿಂದ ಆಣೆ ಹಾಕಿಸಿಕೊಂಡಳು.

ಹೆಣ್ಣು ನೋಡಲು ಬಂದವರ ಮುಂದೆ ಮೇಸ್ತ್ರಿ ಆಣೆ ಉಳಿಸಿಕೊಂಡರು. ಇಲಿ ಅನ್ನಲಿಲ್ಲ. ಹುಡುಗನ ಅಜ್ಜ ಏನಾಗಿ ಹೋದರು, ಚಿಕ್ಕಪ್ಪನಿಗೆ ಗಡ್ಡೆಗಿಡ್ಡೆ ಇತ್ತಾ, ಮನೆಯಲ್ಲಿ ಯಾರಿಗಾದರೂ ಉಬ್ಬಸವಾ ಅಂತ ಒಂದೊಂದೇ ವಿಚಾರಿಸಿದರು. ಬಂದವರ ಕೈಯ ಕೇಸರಿಬಾತು ಕೈಯಲ್ಲೇ ತಣ್ಣಗಾಯಿತು. ನಾನು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಹುಡುಗನ ತಂದೆ ಕೊನೆಗೆ, "ನಿಮ್ಮ ಅಭಿಪ್ರಾಯ ಏನು?" ಅಂದರು.

ಮೇಸ್ತ್ರಿ ಗಂಭೀರವಾಗಿ, "ಹುಡುಗ ಪರ್ವಾಗಿಲ್ಲ. ಆದ್ರೆ ಅವಸರ ಬೇಡ. ಇನ್ನೊಂದಷ್ಟು ವರ್ಷ ಕಾಯೋಣ. ಅಷ್ಟರೊಳಗೆ ಇವನ ಅಣ್ಣನಿಗೆ ಏನಾದ್ರೂ ಬರತ್ತಾ ನೋಡ್ಬಹುದು" ಅಂದರು.

ಅಣ್ಣ ಎದುರಿಗೇ ಕೂತಿದ್ದ!

ಆಗ ಮಗಳೇ ಒಳಗಿಂದ ಬಂದು, "ಅಪ್ಪ, ಯಾರಿಗೆ ಏನು ಬಂದ್ರೂ ನಾನು ನೋಡ್ಕೊಳ್ತೀನಿ. ನೀವು ದಿನ ಇಡಿ" ಅಂದಳು. ಹುಡುಗನ ತಂದೆ ಆ ಮಾತಿಗೆ ಮನಸೋತು ಅಲ್ಲೇ ವೀಳ್ಯ ತೆಗೆದುಕೊಂಡರು.

ಮದುವೆ ಚೆನ್ನಾಗಿಯೇ ಆಯಿತು. ಆ ಅಣ್ಣ ಮಾತ್ರ ಧಾರೆಗೂ ಮೊದಲು ಚಿಕ್ಕಮಗಳೂರಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದು, ಚಪ್ಪರದಲ್ಲಿ ಸಿಕ್ಕವರಿಗೆಲ್ಲ ಬಿಸಿಲಿಗೆ ಹಿಡಿದು ತೋರಿಸುತ್ತಿದ್ದ.