ಶಾಲೆಗೆ ರಜೆ ಇದ್ದರೆ ಬಸ್ಸಿಲ್ಲದ ಊರು

ನಮ್ಮ ಆಫೀಸಿನ ಸ್ಲೊವಾಕಿಯಾದ ಮೇಡಂಗೆ ಒಂದು ಅಭ್ಯಾಸ. ಊಟ ಮುಗಿದ ಮೇಲೆ ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ತಮ್ಮ ಊರನ್ನು ಬರೆಯುತ್ತಾರೆ. ಇದು ನದಿ, ಇದು ಸೇತುವೆ, ಇದು ಗುಡ್ಡದ ಮೇಲಿನ ಮುರಿದ ಕೋಟೆ. ಕೋಟೆ ಮುಗಿಯುವಷ್ಟರಲ್ಲಿ ಏಸಿ ಗಾಳಿಗೆ ನದಿ ಒಣಗಿರುತ್ತದೆ. ಮತ್ತೆ ಬೆರಳು ಅದ್ದುತ್ತಾರೆ.

ಗಲ್ಫಿನ ಈ ಅಲ್ ಕುಸೈಸ್‌ನ ಗೋದಾಮುಗಳ ನಡುವೆ ನೀರಿನ ಪಂಪು ಮಾರುವ ಸಣ್ಣ ಆಫೀಸು ನಮ್ಮದು. ಇಲ್ಲಿ ವಾರಕ್ಕೊಂದಾದರೂ ಪ್ರಸಂಗ ಆಗುತ್ತಲೇ ಇರುತ್ತದೆ. ನಾನು ಮಾತಾಡುವುದು ಕಡಿಮೆ, ಹಾಗಾಗಿ ಎಲ್ಲ ನೆನಪಿರುತ್ತದೆ. ಈ ಬೇಸಿಗೆಯಲ್ಲಿ ಮಾತ್ರ ವಿಷಯ ಒಂದೇ: ಮೇಡಂ ಊರಿನ ಮ್ಯೂಸಿಯಂ. ಎರಡೇ ಕೋಣೆ. ಅವರ ಅಪ್ಪನೇ ಕಾವಲುಗಾರ, ಅಪ್ಪನೇ ಗೈಡ್. ಈ ವರ್ಷ ಹೊರದೇಶದವರು ಒಬ್ಬರಾದರೂ ಬಂದು ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕದಿದ್ದರೆ ಬೀಗವೇ ಗತಿ ಎಂದು ಊರಿನ ಮೇಯರ್ ಹೇಳಿದ್ದಾರಂತೆ. ನಮ್ಮಲ್ಲಿ ಒಬ್ಬರನ್ನು ಹೇಗಾದರೂ ಕಳಿಸಬೇಕೆಂದು ಮೇಡಂ ಹಟ ಹಿಡಿದರು.

ಭೂಗೋಳ

ಮೊದಲು ಸಿಕ್ಕಿದ್ದು ಉಡುಪಿ ಕಡೆಯ ಅಕೌಂಟೆಂಟ್ ಅಣ್ಣ. ಮೇಡಂ ಜೊತೆ ಅವರದು ಇಂಗ್ಲಿಷ್. ಸಮುದ್ರ ಇದೆಯಾ ಎಂದರು. ಇಲ್ಲ, ನದಿ ಇದೆ. ಏರ್‌ಪೋರ್ಟ್? ವಿಯೆನ್ನಾದಲ್ಲಿ ಇಳಿಯಬೇಕು, ಒಂದು ರೈಲು, ಇನ್ನೊಂದು ಸಣ್ಣ ರೈಲು, ಆಮೇಲೆ ಬಸ್ಸು. ಆ ಬಸ್ಸು ಶಾಲೆ ಇರುವ ದಿನ ಮಾತ್ರ ಓಡುತ್ತದೆ ಎಂದು ಮೇಡಂ ಬಹಳ ಪ್ರಾಮಾಣಿಕವಾಗಿ ಸೇರಿಸಿದರು.

ಅಣ್ಣ ಕ್ಯಾಲೆಂಡರ್ ನೋಡಿ ನನ್ನ ಕಡೆ ತಿರುಗಿದರು.

"ಮಕ್ಕಳಿಗೆ ರಜೆ ಸಿಕ್ಕಿದ್ರೆ ನಂಗೆ ರಜೆ. ನಂಗೆ ರಜೆ ಸಿಕ್ಕಿದ್ರೆ ಇವರ ಬಸ್ಸಿಗೂ ರಜೆ. ಎಂತ ಮಾಡುದು ಮಾರಾಯ್ತಿ, ಮಕ್ಕಳನ್ನು ಶಾಲೆ ಬಿಡಿಸುದಾ?"

ಇತಿಹಾಸ

ಎರಡನೆಯವರು ಸ್ಟೋರ್ ನೋಡಿಕೊಳ್ಳುವ ಉಳ್ಳಾಲದ ಕಾಕ. ಅವರ ಪ್ರಶ್ನೆಗಳನ್ನು ಇಂಗ್ಲಿಷ್ ಮಾಡುವ ಕೆಲಸ ನನ್ನದು.

"ಅಷ್ಟು ದೂರ ಹೋಗಿ ನೋಡ್ಲಿಕ್ಕೆ ಅಲ್ಲಿ ಎಂತ ಉಂಟು, ಕೇಳು."

ಕೇಳಿದೆ. ಮೇಡಂ ನೆಟ್ಟಗೆ ಕೂತರು. ಬಹಳ ಹಿಂದೆ ತುರ್ಕರ ಸೈನ್ಯ ನದಿಯವರೆಗೂ ಬಂದಿತ್ತಂತೆ. ಅಂದು ದಟ್ಟ ಮಂಜು. ಸೈನ್ಯ ಇಡೀ ದಿನ ಊರನ್ನು ಹುಡುಕಿ, ಸಿಗದೆ ವಾಪಸ್ ಹೋಯಿತಂತೆ. ಮ್ಯೂಸಿಯಂನ ಒಂದು ಗೋಡೆಯ ತುಂಬ ಅದರ ಚಿತ್ರ. ಊರೂ ಕಾಣುವುದಿಲ್ಲ, ಸೈನ್ಯವೂ ಕಾಣುವುದಿಲ್ಲ, ಬರೀ ಬಿಳಿ.

ಕಾಕ ನನ್ನ ಕಡೆ ಬಾಗಿದರು. "ಅಂದ್ರೆ ಆಗ್ಲೂ ಯಾರೂ ಬರ್ಲಿಲ್ಲ?"

ಇದೊಂದನ್ನು ನಾನು ಇಂಗ್ಲಿಷ್ ಮಾಡಲಿಲ್ಲ.

ಜನ

ಮೀನು ತಿನ್ನುತ್ತಾರಾ ಎಂಬುದು ಕಾಕನ ಮುಂದಿನ ಪ್ರಶ್ನೆ. ತಿನ್ನುತ್ತಾರೆ. ಕ್ರಿಸ್ಮಸ್‌ಗೆ ಜೀವಂತ ಮೀನು ತಂದು ಮೂರು ದಿನ ಬಾತ್‌ಟಬ್‌ನಲ್ಲಿ ಬಿಡುತ್ತಾರೆ. ಮಕ್ಕಳು ಅದಕ್ಕೆ ಹೆಸರಿಡುತ್ತಾರೆ. ಒಮ್ಮೆ ಕೊಲ್ಲಲು ಯಾರಿಗೂ ಮನಸ್ಸು ಬಾರದೆ, ಮೇಡಂ ಅಪ್ಪ ಅದನ್ನು ಬಕೆಟ್‌ನಲ್ಲಿ ಒಯ್ದು ನದಿಗೆ ಬಿಟ್ಟು ಬಂದರಂತೆ. ಮನೆಯವರೆಲ್ಲ ಆಲೂಗಡ್ಡೆ ತಿಂದು ಹಬ್ಬ ಮಾಡಿದರು.

"ನಮ್ಮಲ್ಲಿ ಮೀನಿಗೆ ಹೆಸರಿಡುದು ಮಸಾಲೆ ಬಿದ್ದ ಮೇಲೆ" ಎಂದರು ಅಣ್ಣ.

ಕಾಕನ ಚಿಂತೆ ಬೇರೆ. "ಆ ಮೂರು ದಿನ ಇವರ ಸ್ನಾನ ಎಲ್ಲಿ?"

"ಸ್ನಾನ ಇಲ್ಲ" ಎಂದರು ಮೇಡಂ.

"ಖಲಾಸ್" ಎಂದರು ಕಾಕ.

ಮ್ಯೂಸಿಯಂ

ಕೊನೆಗೆ ಮೇಡಂ ಅಪ್ಪನೇ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇನೆ ಎಂದರು. ಶುಕ್ರವಾರ ಕಾಕ ನಮಾಜು ಮುಗಿಸಿ ಬಂದ ಮೇಲೆ, ನೀರಿನ ಬಾಟಲಿಗೆ ಫೋನ್ ಒರಗಿಸಿ ಎಲ್ಲರೂ ಕೂತೆವು. ಅಪ್ಪ ಕೋಟು, ಟೈ ಹಾಕಿ ಬಾಗಿಲಲ್ಲಿ ನಿಂತಿದ್ದರು. ಅವರ ಮಾತನ್ನು ಮೇಡಂ ಇಂಗ್ಲಿಷ್ ಮಾಡಿದರು, ಅದನ್ನು ನಾನು ಕಾಕನಿಗೆ ಕನ್ನಡ ಮಾಡಿದೆ.

ಮೊದಲ ಮಾತೇ ಶೂ ಬಗ್ಗೆ. ಮರದ ನೆಲ ಗೀಚಿ ಹೋಗದಂತೆ, ಬಂದವರೆಲ್ಲ ಶೂ ಮೇಲೆ ಅಲ್ಲಿಯ ದಪ್ಪ ಬಟ್ಟೆಯ ಸ್ಲಿಪ್ಪರ್ ಹಾಕಿಕೊಳ್ಳಬೇಕು. ನಮ್ಮಲ್ಲಿ ಸ್ಲಿಪ್ಪರ್ ಇಲ್ಲವಾದ್ದರಿಂದ ಶೂ ಬಿಚ್ಚಬೇಕು.

"ಇಲ್ಲಿ ಕೂತ್ರೆ ಅಲ್ಲಿಯ ನೆಲ ಹಾಳಾಗ್ತದಾ?" ಎಂದರು ಕಾಕ. ಅಪ್ಪ ಅಲ್ಲಾಡದೆ ನಿಂತೇ ಇದ್ದರು. ಬಿಚ್ಚಿದೆವು. ಅಣ್ಣನ ಸಾಕ್ಸ್‌ನಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಅವರು ಕಾಲು ಮಡಚಿಕೊಂಡರು.

ಒಂದು ಮಗ್ಗ, ಒಂದು ಫೈರ್‌ಮ್ಯಾನ್ ಹೆಲ್ಮೆಟ್, ಒಂದೇ ಕಿವಿಯ ಹುಲ್ಲು ತುಂಬಿದ ಕರಡಿ. ಜನ ಬಂದರೆ ಮಾತ್ರ ಹಾಕುವ ಎರಡನೇ ಕೋಣೆಯ ದೀಪವನ್ನು ನಮಗಾಗಿ ಹಾಕಿದರು. ಕೊನೆಗೆ ಪುಸ್ತಕ ಹಿಡಿದರು. ಈ ವರ್ಷದ ಪುಟದಲ್ಲಿ ಇದ್ದದ್ದು ಒಂದೇ ಸಹಿ, ಪೋಸ್ಟ್‌ಮ್ಯಾನ್‌ದು. ಮೇಯರ್ ಕಳಿಸಿದ ಬೀಗದ ಕಾಗದ ಕೊಡಲು ಬಂದವನು.

"ನಮ್ಮ ಹೆಸರು ಅವರೇ ಬರೀಲಿ ಮೇಡಂ" ಎಂದರು ಅಣ್ಣ. "ಶೂ ಬಿಚ್ಚಿ ನೋಡಿದ್ದೇವಲ್ಲ."

ಅಪ್ಪ ಆಗದು ಎಂದು ತಲೆಯಾಡಿಸಿದರು. ಮೇಯರ್ ಅವರ ಹಳೇ ಸ್ಟೂಡೆಂಟ್ ಅಂತೆ, ಮೇಷ್ಟ್ರ ಅಕ್ಷರ ಗೊತ್ತಾಗಿಬಿಡುತ್ತದೆ.

ಅಣ್ಣ, ಕಾಕ ಇಬ್ಬರೂ ನನ್ನನ್ನು ನೋಡಿದರು. ಮದುವೆ ಆಗಿಲ್ಲ, ಮಕ್ಕಳಿಲ್ಲ, ಈ ವರ್ಷದ ರಜೆ ಇಡೀ ಹಾಗೇ ಉಂಟು. ನಾನು ನನ್ನ ಸಾಕ್ಸ್ ನೋಡಿದೆ. ಫೋನಿನಲ್ಲಿ ಅಪ್ಪ ಏನೋ ಕೇಳಿದರು.

"ಏನಂತೆ?" ಎಂದರು ಕಾಕ.

ಮೇಡಂ ನನ್ನ ಕಡೆ ತಿರುಗಿ ಅಪ್ಪನ ಮಾತನ್ನು ನಿಧಾನವಾಗಿ ಹೇಳಿದರು:

"ಇಷ್ಟು ಹೊತ್ತು ಬೇರೆಯವರ ಮಾತನ್ನೇ ಆಡಿದ ಆ ಹುಡುಗಿ, ತನ್ನ ಕಾಲಿನ ಅಳತೆ ಹೇಳಲಿ. ಒಂದು ಜೊತೆ ಸ್ಲಿಪ್ಪರ್ ಎತ್ತಿಡುತ್ತೇನೆ."