ಬಸ್ಸಿಗೆ ಬೆನ್ನು ತಿರುಗಿಸಿದ ಟಗರಿನವರಿಗೆ

ಇವರಿಗೆ,
ಶ್ರೀಮಾನ್ ಬಿಷಪ್ ಅವರು,
ಫೆಸ್ಟಸ್ ಡರ್ಕನ್ ಸಾಕಿದ ಟಗರು,
ಮೇಲಿನ ಹೊಲ, ಡ್ರಮ್‌ಕೀರಾ.

ಮಾನ್ಯರೇ,

ತಾವು ಕ್ಷೇಮವಾಗಿರುವುದು ಬೇಲಿಯ ಈಚೆಯಿಂದಲೇ ಕಾಣುತ್ತಿರುವುದರಿಂದ ಅದನ್ನು ವಿಚಾರಿಸುವ ತೊಂದರೆ ತೆಗೆದುಕೊಳ್ಳುತ್ತಿಲ್ಲ. ಕೆಳಗೆ ಊರಿನಲ್ಲಿ ನಾವು ಯಾರೂ ಕ್ಷೇಮವಾಗಿಲ್ಲ. ನಮ್ಮ ಕೌಂಟಿಯ ಫುಟ್‌ಬಾಲ್ ತಂಡ ಚಾಂಪಿಯನ್‌ಶಿಪ್ಪಿನ ಕ್ವಾರ್ಟರ್‌ಫೈನಲ್‌ನಲ್ಲಿ ಒಂದೇ ಒಂದು ಪಾಯಿಂಟಿನಿಂದ ಸೋತು ಡಬ್ಲಿನ್ನಿನಿಂದ ಮರಳಿ ಎರಡು ವಾರವಾಗುತ್ತ ಬಂತು. ಅಂದಿನಿಂದ ಇಂದಿನವರೆಗೆ ನಮ್ಮ ಚರ್ಚಿಗೆ ಸೇರಿದ ಈ ಪ್ಯಾರಿಷ್‌ನಲ್ಲಿ ಹುಲ್ಲು ಕೊಯ್ಯುವವರು ಕೊಯ್ಯುತ್ತಿಲ್ಲ, ಒಲೆಗೆ ಪೀಟ್ ಮಣ್ಣಿನ ಹೆಂಟೆ ಒಣಗಿಸುವವರು ಒಣಗಿಸುತ್ತಿಲ್ಲ, ಎಲ್ಲರೂ ನನ್ನ ಅಂಗಡಿಯ ಕೌಂಟರಿಗೆ ಮೊಣಕೈ ಊರಿಕೊಂಡು ಯಾರಿಂದ ಸೋತೆವು ಎಂದು ನಿರ್ಣಯಿಸುತ್ತಿದ್ದಾರೆ. ಆ ನಿರ್ಣಯ ಇವತ್ತಿಗೂ ಆಗಿಲ್ಲವಾದ್ದರಿಂದ, ಕೂಡುರಸ್ತೆಯ ಅಂಗಡಿಯ ಅಟ್ರಾಕ್ಟಾ ಗಿಲ್‌ಹೂಲಿಯಾದ ನಾನು ಅದನ್ನು ನನ್ನ ಕೈಗೆ ತೆಗೆದುಕೊಂಡು ತಮಗೆ ಈ ದೂರನ್ನು ಸವಿನಯವಾಗಿ ಬರೆಯುತ್ತಿದ್ದೇನೆ.

ಪತ್ರವನ್ನು ಖುದ್ದಾಗಿ ತಂದೊಪ್ಪಿಸುವುದೇ ಮರ್ಯಾದೆಯಾಗಿತ್ತು. ಆದರೆ ಹೋದ ಸಲ ಅಂಚೆಯವನು ತಮ್ಮ ಹೊಲವನ್ನು ಅಡ್ಡಹಾಯಲು ಹೋದಾಗ ತಾವು ಅವನನ್ನು ಗೇಟಿನವರೆಗೆ ಬೀಳ್ಕೊಟ್ಟ ರೀತಿಯನ್ನು ಅವನು ಇನ್ನೂ ಕೂತು ಹೇಳಲಾರದೆ ನಿಂತೇ ಹೇಳುತ್ತಾನೆ. ಆದ್ದರಿಂದ ಇದನ್ನು ಅಂಗಡಿಯ ಕಿಟಕಿಗೆ ಅಂಟಿಸುತ್ತಿದ್ದೇನೆ. ದಾರಿಹೋಕರು ಓದಿಕೊಂಡರೆ ಓದಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ.

ಮೊದಲಿಗೆ ತಮ್ಮ ಘನತೆಯ ಬಗ್ಗೆ ಎರಡು ಮಾತು. ತಮ್ಮ ನೀಳ ಮುಖವನ್ನೂ ಗಂಭೀರ ನಡಿಗೆಯನ್ನೂ ಕಂಡು ಫೆಸ್ಟಸ್ ತಮಗೆ ಬಿಷಪ್ ಎಂದು ಹೆಸರಿಟ್ಟ, ನಿಜವಾದ ಬಿಷಪ್ಪರು ಪ್ಯಾರಿಷ್‌ಗೆ ಬಂದ ದಿನ ಮಾತ್ರ ತಮ್ಮನ್ನು 'ಆ ಟಗರು' ಎನ್ನುವಷ್ಟು ಸೂಕ್ಷ್ಮ ಅವನಿಗಿದೆ. ಈ ವಸಂತದಲ್ಲಿ ನಮ್ಮೂರಿನ ಡಾರಾ ಲ್ಯಾಫಿ ಕೌಂಟಿ ತಂಡಕ್ಕೆ ಆಯ್ಕೆಯಾದಾಗ, ಈ ಪ್ಯಾರಿಷ್‌ನಿಂದ ಯಾರೂ ಹಿಂದೆಂದೂ ಆ ಅಂಗಿ ತೊಟ್ಟಿರಲಿಲ್ಲವಾದ್ದರಿಂದ, ಫೆಸ್ಟಸ್‌ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರದ ಪೂಜೆ ಮುಗಿದು ಜನ ಚರ್ಚಿನ ಗೋಡೆಗೆ ಒರಗಿ ನಿಂತಿದ್ದಾಗ ಅವನು ಎಲ್ಲರೆದುರು ಹರಕೆ ಹೊತ್ತ: "ಚಾಂಪಿಯನ್‌ಶಿಪ್‌ನಲ್ಲಿ ನಾವು ಇರೋ ತನಕ ಈ ಬಿಷಪ್ಪನ ಮೈಗೆ ಕತ್ತರಿ ಸೋಕಿಸಲ್ಲ, ಹಂಗೇನಾದ್ರೂ ಸೋಕಿಸಿದ್ರೆ ನನ್ನ ಹೆಸರು ಬದಲಾಯಿಸಿ!" ಹರಕೆ ಹೊತ್ತವನು ಫೆಸ್ಟಸ್, ಉಣ್ಣೆ ಹೊತ್ತವರು ತಾವು. ಹೊರುವ ಮೊದಲು ತಮ್ಮನ್ನು ಕೇಳಬೇಕಿತ್ತೆಂಬುದನ್ನು ನಾನೂ ಒಪ್ಪುತ್ತೇನೆ.

ಮಿಕ್ಕ ಕುರಿಗಳೆಲ್ಲ ಜೂನ್ ಬಿಸಿಲಿಗೆ ಹಗುರಾಗಿ ಓಡಾಡಿಕೊಂಡಿರುವಾಗ ತಾವೊಬ್ಬರೇ ಕಂಬಳಿ ಹೊದ್ದವರಂತೆ ಬೆವರುತ್ತ ನಿಂತಿದ್ದಿರಿ. ಅದರ ಮೇಲೆ ಫೆಸ್ಟಸ್ ಕುರಿಗೆ ಗುರುತು ಹಾಕುವ ಬಣ್ಣದ ಡಬ್ಬಿ ತಂದು ತಮ್ಮ ಎದೆಗೆ ನೀಲಿ, ಎರಡೂ ಪಕ್ಕೆಗೆ ಹಸಿರು ಬಳಿದು ಕೌಂಟಿಯ ಬಾವುಟವನ್ನಾಗಿ ಮಾಡಿದ. ಹಿಂಭಾಗಕ್ಕೆ ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. "ಯಾರು ನೋಡ್ತಾರೆ ಹಿಂದೆ, ಮುಖ ಚೆನ್ನಾಗಿದ್ರೆ ಸಾಕು ಬಿಡಿ" ಎಂದ. ಆ ಮಾತು ತಮ್ಮ ಕಿವಿಗೆ ಬಿದ್ದಿತ್ತೆಂದು ನನ್ನ ಬಲವಾದ ಗುಮಾನಿ.

ಏಕೆಂದರೆ ಪಂದ್ಯದ ಬೆಳಿಗ್ಗೆ ತಂಡದ ಬಸ್ಸು ಡಾರಾನನ್ನು ಹತ್ತಿಸಿಕೊಳ್ಳಲು ನಮ್ಮ ಕೂಡುರಸ್ತೆಗೆ ಬಂದಾಗ ಇಡೀ ಊರು ಅಲ್ಲಿತ್ತು. ನಾನು ಮೊಟ್ಟೆ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ನಿಂತಿದ್ದೆ. ತಮ್ಮನ್ನು ಹಗ್ಗ ಹಾಕಿ ತಂದು ರಸ್ತೆಯ ಪಕ್ಕದ ಕಲ್ಲಿನ ಮೇಲೆ ನಿಲ್ಲಿಸಲಾಗಿತ್ತು, ತಂಡದವರು ಕಿಟಕಿಯಿಂದ ಕೊನೆಯದಾಗಿ ತಮ್ಮ ದರ್ಶನ ಪಡೆದು ಹೊರಡಲಿ ಎಂದು. ಬಸ್ಸು ಹೊರಟಿತು, ಜನ ಕೂಗಿದರು, ಕ್ಯಾಮೆರಾಗಳು ಮೇಲೆದ್ದವು; ಆ ಗಳಿಗೆಯಲ್ಲಿ ತಾವು ನಿಧಾನವಾಗಿ, ಯಾರ ಒತ್ತಾಯವೂ ಇಲ್ಲದೆ, ಸರಿಯಾಗಿ ಅರ್ಧ ಸುತ್ತು ತಿರುಗಿ ತಂಡಕ್ಕೆ ತಮ್ಮ ಬಣ್ಣವಿಲ್ಲದ, ಕೆಸರು ಮೆತ್ತಿದ ಹಿಂಭಾಗವನ್ನು ದಯಪಾಲಿಸಿದಿರಿ. ಬಸ್ಸಿನ ಕೊನೆಯ ಕಿಟಕಿಯಲ್ಲಿ ಕೂತಿದ್ದ ಡಾರಾ ಅದನ್ನು ನೋಡಿದ.

ಮುಂದಿನದು ತಮಗೆ ತಿಳಿಯದಿದ್ದರೆ ಹೇಳುತ್ತೇನೆ. ಕ್ಲಬ್ಬಿನ ಮೈದಾನ ತಮ್ಮ ಹೊಲಕ್ಕೆ ಅಂಟಿಕೊಂಡೇ ಇರುವುದರಿಂದ ನಮ್ಮ ಐರಿಷ್ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಿಂದಲೂ ದಾಟಿಸಬಹುದು, ಅದು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹಾರಿಹೋದರೆ ಒಂದು ಪಾಯಿಂಟು ಎಂಬಷ್ಟು ತಾವು ನೋಡಿ ಬಲ್ಲಿರಿ. ಆಟ ಮುಗಿಯುತ್ತಿದ್ದಾಗ ನಾವು ಒಂದು ಪಾಯಿಂಟು ಹಿಂದಿದ್ದೆವು, ನಮಗೊಂದು ಫ್ರೀ ಕಿಕ್ ಸಿಕ್ಕಿತು, ಡಾರಾ ಚೆಂಡಿಟ್ಟ. ಕ್ಲಬ್ಬಿನ ಮೈದಾನದಲ್ಲಿ ಅದೇ ಜಾಗದಿಂದ, ತಾವು ಮೆಲುಕು ಹಾಕುತ್ತ ನಿಂತಿರುವಾಗ, ಅವನು ಕಣ್ಣು ಮುಚ್ಚಿಕೊಂಡು ಹೊಡೆದದ್ದನ್ನೂ ನೋಡಿದ್ದೇನೆ. ಅಂದು ಚೆಂಡು ಎಡಗಂಬದ ಹೊರಗೆ ಒಂದು ಗೇಣಿನಷ್ಟು ದೂರದಲ್ಲಿ ಹೋಯಿತು. ಅವನು ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿ ಕೂತ, ಎಬ್ಬಿಸಲು ಎದುರು ತಂಡದವರೇ ಬರಬೇಕಾಯಿತು.

ಮರುದಿನದಿಂದ ನನ್ನ ಅಂಗಡಿಯಲ್ಲಿ ವಿಚಾರಣೆ ಶುರು. ನ್ಯಾಯಪೀಠದಲ್ಲಿ ಜಾರ್ಲತ್ ಟಿಮೋನಿ; ಇವನು ತನ್ನ ಯೌವನದಲ್ಲಿ ಕ್ಲಬ್ಬಿನ ಎರಡನೇ ತಂಡಕ್ಕೆ ಬದಲಿ ಆಟಗಾರನಾಗಿದ್ದು, ಆ ಅನುಭವದ ಮೇಲೆ ಇಡೀ ಐರ್ಲೆಂಡಿನ ಫುಟ್‌ಬಾಲನ್ನು ತಿದ್ದಬಲ್ಲೆನೆಂಬ ವಿಶ್ವಾಸದವನು. ಮೊದಲ ದಿನ ತಪ್ಪು ಮ್ಯಾನೇಜರಿನದಾಗಿತ್ತು. "ಚೆಂಡು ಮುಂದಕ್ಕೆ ಹೊಡೀರೋ ಅಂದ್ರೆ ಕೈಯಿಂದ ಕೈಗೆ, ಕೈಯಿಂದ ಕೈಗೆ! ಏನಯ್ಯ ಅದು, ಪೂಜೇಲಿ ಕಾಣಿಕೆ ಬುಟ್ಟಿ ದಾಟಿಸ್ದಂಗೆ!" ಎಂದ ಜಾರ್ಲತ್. ಫೆಸ್ಟಸ್ ಬಿಡಲಿಲ್ಲ. "ಅಲ್ಲಯ್ಯ, ಹೋದ ತಿಂಗಳು ಅದೇ ಮ್ಯಾನೇಜರಿಗೆ ಪ್ರತಿಮೆ ನಿಲ್ಲಿಸ್ಬೇಕು ಅಂದೋನು ನೀನೇ ತಾನೆ?" ಎಂದು ಕೇಳಿದ. "ಪ್ರತಿಮೆ ಅಂದಿದ್ದೆ. ಪ್ರತಿಮೆ ಆದ್ರೆ ಬಾಯಿ ಮುಚ್ಕೊಂಡು ನಿಂತಿರತ್ತಲ್ಲ," ಎಂದ ಜಾರ್ಲತ್. ಎರಡನೇ ದಿನ ತಪ್ಪು ರೆಫರಿಗೆ ಹೋಯಿತು, ಅಲ್ಲಿಂದ ಗಾಳಿಗೆ, ಅಲ್ಲಿಂದ ಚಾಂಪಿಯನ್‌ಶಿಪ್ಪಿನ ನಡುವೆ ಮದುವೆ ಇಟ್ಟುಕೊಂಡ ಗೋಲ್‌ಕೀಪರನ ಭಾವಮೈದುನನಿಗೆ. ಒಂದು ಮಧ್ಯಾಹ್ನ ಅದು ನನ್ನ ಮೊಟ್ಟೆ ಸ್ಯಾಂಡ್‌ವಿಚ್ಚಿನ ಮೇಲೂ ಬಂದು ಕೂತಿತು. "ಸ್ವಲ್ಪ ಭಾರ ಆಯ್ತೇನೋ ಅಂತ... ನಾನಲ್ಲ, ಜನ ಹೇಳ್ತಾರೆ," ಎಂದು ಜಾರ್ಲತ್ ಅದೇ ಸ್ಯಾಂಡ್‌ವಿಚ್ಚನ್ನು ಅಗಿಯುತ್ತಲೇ ಹೇಳಿದ. ನಾನು ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡೆ.

ಆದರೆ ಮಾನ್ಯರೇ, ಎಲ್ಲಿ ಸುತ್ತಿದರೂ ಮಾತು ಕೊನೆಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. "ಏನೇ ಹೇಳಿ, ಅದೊಂದು ಹೋಗಿದ್ರೆ..." ಎಂದು ಯಾರಾದರೂ ಅರ್ಧಕ್ಕೆ ಬಿಡುವುದು, ಮಿಕ್ಕವರು ತಲೆಯಾಡಿಸುವುದು. ಡಾರಾನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ಎತ್ತಿ ಬೈದಿದ್ದರೇ ವಾಸಿಯಿತ್ತು. ಅವನ ತಾಯಿ ಊನಾ ಬ್ರೆಡ್ಡಿಗೆ ಬಂದಳೆಂದರೆ ಎಲ್ಲರ ಬಾಯಿಗೂ ಬೀಗ. ಒಬ್ಬ ಹವಾಮಾನದ ಬಗ್ಗೆ ಕೆಮ್ಮುತ್ತಾನೆ, ಇನ್ನೊಬ್ಬ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದುತ್ತಾನೆ. ಅವಳು ಬ್ರೆಡ್ಡು ತೆಗೆದುಕೊಂಡು ತಲೆ ಬಗ್ಗಿಸಿ ಹೋಗುತ್ತಾಳೆ. ಆ ಮೌನಕ್ಕೆ ನನಗೆ ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತಿದೆ.

ಮೊನ್ನೆ ಪ್ಯಾರಿಷ್‌ನ ಹಳೆ ಸಾಮಾನಿನ ಮಾರಾಟಕ್ಕೆಂದು ಊನಾ ಒಂದು ಚೀಲ ಬಟ್ಟೆ ತಂದುಕೊಟ್ಟಳು. ಬಿಚ್ಚಿ ನೋಡಿದರೆ ಸ್ವೆಟರುಗಳ ಕೆಳಗೆ ಡಾರಾನ ಆಟದ ಬೂಟುಗಳಿದ್ದವು, ತಳದಲ್ಲಿ ಡಬ್ಲಿನ್ನಿನ ಹುಲ್ಲು ಇನ್ನೂ ಒಣಗಿ ಅಂಟಿಕೊಂಡಿತ್ತು. "ಇದು ತಪ್ಪಿ ಬಂದಿದೆ ಊನಾ," ಎಂದೆ. "ತಪ್ಪಿ ಅಲ್ಲ ಕಣೆ. ಅವನೇ ಹಾಕಿದ್ದು. ಇನ್ನು ಆಡಲ್ಲವಂತೆ," ಎಂದು ಹೇಳಿ ಅವಳು ನನ್ನ ಮುಖ ನೋಡದೆ ಹೊರಟುಹೋದಳು. ಬೂಟುಗಳನ್ನು ಮಾರಾಟಕ್ಕೆ ಇಡದೆ ಕೌಂಟರಿನ ಕೆಳಗೆ ಇಟ್ಟುಕೊಂಡಿದ್ದೇನೆ. ಇಪ್ಪತ್ತಮೂರರ ಹುಡುಗನೊಬ್ಬ ಒಂದು ಗೇಣಿನ ಸಲುವಾಗಿ ತನಗೆ ಪ್ರಾಣವಾದದ್ದನ್ನು ಹಳೇ ಸ್ವೆಟರುಗಳ ಜೊತೆ ಬಿಸಾಡುವುದನ್ನು ನಾನು ಸಹಿಸಲಾರೆ.

ಆದಕಾರಣ ತಮ್ಮ ಮೇಲಿನ ಆರೋಪವನ್ನು ಈಗ ಸ್ಪಷ್ಟವಾಗಿ ನಿವೇದಿಸುತ್ತೇನೆ. ನಾವು ಸೋತದ್ದರಿಂದ ಈ ಕೌಂಟಿಯಲ್ಲಿ ಯಾರಿಗೆ ಲಾಭವಾಯಿತು? ಮ್ಯಾನೇಜರಿಗಿಲ್ಲ, ಗಾಳಿಗಿಲ್ಲ, ನನ್ನ ಸ್ಯಾಂಡ್‌ವಿಚ್ಚಿಗಂತೂ ಇಲ್ಲವೇ ಇಲ್ಲ. ಸೋತ ಕೂಡಲೇ ಹರಕೆ ಮುಗಿದು ಉಣ್ಣೆ ಇಳಿಯುವುದು ತಮಗೊಬ್ಬರಿಗೇ. ಗೆದ್ದಿದ್ದರೆ ಸೆಮಿಫೈನಲ್, ಅದನ್ನೂ ಗೆದ್ದಿದ್ದರೆ ಫೈನಲ್, ಜುಲೈ ಪೂರ್ತಿ ತಾವು ಆ ಕಂಬಳಿಯೊಳಗೆ ಬೇಯಬೇಕಿತ್ತು. ಹೀಗಿರುವಾಗ ತಾವು ಬಸ್ಸಿಗೆ ಬೆನ್ನು ತಿರುಗಿಸಿದ್ದು ಆಕಸ್ಮಿಕವೆಂದು ಯಾವ ಬುದ್ಧಿವಂತನೂ ನಂಬಲಾರ. ಇಷ್ಟು ದೂರಾಲೋಚನೆ ನಮ್ಮ ಕೌಂಟಿ ಸಮಿತಿಯಲ್ಲಿ ಯಾರಿಗಾದರೂ ಇದ್ದಿದ್ದರೆ ನಾವು ಪ್ರತಿವರ್ಷ ಕಪ್ ತರುತ್ತಿದ್ದೆವು ಎಂಬ ಮೆಚ್ಚುಗೆಯನ್ನೂ ಇದೇ ಉಸಿರಿನಲ್ಲಿ ಸಲ್ಲಿಸುತ್ತೇನೆ.

ಆದರೆ ತಮ್ಮ ಲೆಕ್ಕಾಚಾರದಲ್ಲಿ ಒಂದು ಸಣ್ಣ ತಪ್ಪಾಯಿತು. ಈ ಪ್ಯಾರಿಷ್‌ನಲ್ಲಿ ಕುರಿಗಳ ಉಣ್ಣೆ ಕತ್ತರಿಸುವವನು ಡಾರಾ. ಈಗ ಅವನು ಬಾಗಿಲು ಹಾಕಿಕೊಂಡು ಕೂತಿದ್ದಾನೆ, ಕತ್ತರಿಯ ಯಂತ್ರ ಗೋಡೆಗೆ ನೇತಾಡುತ್ತಿದೆ, ತಾವು ಇನ್ನೂ ಬೇಯುತ್ತಿದ್ದೀರಿ. ಫೆಸ್ಟಸ್ ತಾನೇ ಒಂದು ಕೈ ನೋಡಲು ಹೋಗಿ ತಮ್ಮಿಂದ ನೇರವಾಗಿ ನೀರಿನ ತೊಟ್ಟಿಯೊಳಕ್ಕೆ ಕಳಿಸಲ್ಪಟ್ಟ. ಅದೇ ಡಾರಾ ತಮ್ಮನ್ನು ಮೊಣಕಾಲುಗಳ ನಡುವೆ ಒರಗಿಸಿಕೊಂಡರೆ ತಾವು ಎಣ್ಣೆ ಹಚ್ಚಿಸಿಕೊಳ್ಳುವ ಮಗುವಿನಂತೆ ಕಣ್ಣು ಮುಚ್ಚುವುದನ್ನು ಊರೆಲ್ಲ ನೋಡಿದೆ. ಹಾಗಾಗಿ ನಮ್ಮಿಬ್ಬರಿಗೂ ಬೇಕಾದವನು ಒಬ್ಬನೇ ಎಂಬುದನ್ನು ತಾವು ಮನಗಾಣಬೇಕು.

ನನ್ನ ಬಿನ್ನಹ ಇಷ್ಟೇ. ತಾವು ದಯಮಾಡಿ ಸೋಲಿನ ಪೂರ್ತಿ ಹೊಣೆಯನ್ನು ಬಹಿರಂಗವಾಗಿ ಹೊರಬೇಕು. ತಮ್ಮ ಹೆಗಲು ಅಗಲ, ಚರ್ಮ ದಪ್ಪ, ಪತ್ರಿಕೆ ಸಿಕ್ಕರೆ ತಿನ್ನುತ್ತೀರೇ ಹೊರತು ಓದುವುದಿಲ್ಲ, ತಮ್ಮ ಅಮ್ಮ ಬ್ರೆಡ್ಡಿಗೆ ಹೋದಾಗ ಅಂಗಡಿಯಲ್ಲಿ ಮಾತು ನಿಲ್ಲುತ್ತದೆಂಬ ಭಯವೂ ತಮಗಿಲ್ಲ. ಇಷ್ಟು ಅರ್ಹತೆಯುಳ್ಳ ಅಪರಾಧಿ ನಮಗೆ ಮತ್ತೆ ಸಿಗಲಾರ. ಸಾಧ್ಯವಾದರೆ ಭಾನುವಾರ ಚರ್ಚಿನ ಗೋಡೆಯ ಬಳಿ ಬಂದು ಒಂದು ಕ್ಷಮಾಪಣೆ, ಅದಾದ ಮೇಲೆ ರೇಡಿಯೊದವರಿಗೆ ಒಂದು ಹೇಳಿಕೆ, ಸಮಯವಿದ್ದರೆ ಜಾರ್ಲತ್‌ಗೆ ಹಿಂದಿನಿಂದ ಒಂದು ಗುಮ್ಮು. ಅದು ತಡವಾದರೂ ಪರವಾಗಿಲ್ಲ, ಮರೆಯದಿದ್ದರೆ ಸಾಕು.

ತಂಡದ ಭವಿಷ್ಯದ ಬಗ್ಗೆ ತಮಗೆ ಆತಂಕವಿದ್ದೀತು. ಹದಿನೇಳರೊಳಗಿನವರ ತಂಡ ಚೆನ್ನಾಗಿದೆಯಂತೆ, ಮ್ಯಾನೇಜರ್ ಇನ್ನೊಂದು ವರ್ಷ ಇರುತ್ತಾನಂತೆ, ಮುಂದಿನ ವರ್ಷ ನಮ್ಮದೇ ಅಂತೆ. ಇದನ್ನು ನನ್ನ ಅಪ್ಪನೂ ಇದೇ ಕೌಂಟರಿನ ಹಿಂದೆ ನಿಂತು ಕೇಳುತ್ತಿದ್ದ. ನನಗೆ ಕಪ್ ಬೇಡವೆಂದಲ್ಲ. ಆದರೆ ಡಾರಾ ಇಲ್ಲದೆ ಬರುವ ಕಪ್‌ಗೆ ನಾನು ಸ್ಯಾಂಡ್‌ವಿಚ್ ಮಾಡುವುದಿಲ್ಲ.

ತಮ್ಮ ಉತ್ತರವನ್ನು ಎಂದಿನಂತೆ ಬೇಲಿಯ ಮೇಲಿನಿಂದ ದಯಪಾಲಿಸಬೇಕಾಗಿ ಕೋರುವ,

ತಮ್ಮ ವಿಶ್ವಾಸಿ,
ಅಟ್ರಾಕ್ಟಾ ಗಿಲ್‌ಹೂಲಿ

ಮರೆತ ಮಾತು: ಮೇಲಿನದನ್ನು ಕಿಟಕಿಗೆ ಅಂಟಿಸಿ ಮೂರನೇ ದಿನ ಇದನ್ನು ಸೇರಿಸುತ್ತಿದ್ದೇನೆ. ತಾವು ಕ್ಷಮೆ ಕೇಳಲಿಲ್ಲ, ನಾನೇನೂ ಆಶ್ಚರ್ಯಪಡಲಿಲ್ಲ. ಆದರೆ ಊನಾ ಕಿಟಕಿಯ ಮುಂದೆ ನಿಂತು ಪತ್ರವನ್ನು ಕೊನೆಯವರೆಗೂ ಓದಿದಳು, ಓದಿ ಕಣ್ಣೊರೆಸಿಕೊಂಡು ನಕ್ಕಳು, ಮನೆಗೆ ಹೋಗಿ ಮಗನಿಗೂ ಅದನ್ನೆಲ್ಲ ಹೇಳಿದಳಂತೆ. ಮರುದಿನ ಬೆಳಿಗ್ಗೆ ಡಾರಾ ಯಂತ್ರ ಹೆಗಲಿಗೇರಿಸಿಕೊಂಡು ತಮ್ಮ ಹೊಲದ ದಾರಿ ಹಿಡಿದಾಗ ಅಂಗಡಿಯಲ್ಲಿದ್ದವರೆಲ್ಲ ಅವನ ಹಿಂದೆಯೇ ಬಂದು ಗೇಟಿಗೆ ಒರಗಿ ನಿಂತದ್ದನ್ನು ತಾವೂ ಕಂಡಿರಿ. ಕೊನೆಗೆ ಜಾರ್ಲತ್ ಬಾಯಿ ತಡೆಯಲಾರದೆ, "ಸ್ವಲ್ಪ ಎಡಕ್ಕೆ ಹೋಯ್ತು ನೋಡಪ್ಪ ಕತ್ತರಿ," ಎಂದುಬಿಟ್ಟ. ಡಾರಾ ತಲೆಯೆತ್ತಿ, "ಗಾಳಿ ಇದೆ ಜಾರ್ಲತ್. ಇಲ್ಲಾಂದ್ರೆ ಮೊಟ್ಟೆ ಸ್ಯಾಂಡ್‌ವಿಚ್ ಇರ್ಬೇಕು," ಎಂದ. ಅವತ್ತು ಗೇಟು ಮುರಿಯುವಂತೆ ನಕ್ಕವರಲ್ಲಿ ನಾನೇ ಮೊದಲಿಗಳು. ತಮ್ಮ ಹಿಂಭಾಗದಲ್ಲಿ ಒಂದು ದೊಡ್ಡ ಮುದ್ದೆ ಉಣ್ಣೆಯನ್ನು ಅವನು ಕತ್ತರಿಸದೆ ಬಿಟ್ಟು, ಫೆಸ್ಟಸ್‌ನ ಹೊಸ ಡಬ್ಬಿಯಿಂದ ಅದಕ್ಕೆ ನೀಲಿ ಹಸಿರು ಬಳಿದದ್ದು ಏಕೆಂದು ತಾವು ಯೋಚಿಸುತ್ತಿರಬಹುದು. ನಾನೂ ಕೇಳಿದೆ. ಕೌಂಟರಿನ ಕೆಳಗಿನಿಂದ ಬೂಟುಗಳನ್ನು ತಾನೇ ಬಗ್ಗಿ ಎತ್ತಿಕೊಳ್ಳುತ್ತ ಅವನು ಹೇಳಿದ್ದು ಇಷ್ಟು: "ಮುಂದಿನ ವರ್ಷನೂ ಅವನು ತಿರುಗೇ ತಿರುಗ್ತಾನೆ. ಬಸ್ಸಲ್ಲಿ ಕೂತಿರೋ ನಂಗೆ ಬಣ್ಣನಾದ್ರೂ ಕಾಣ್ಲಿ."